ಅಮೆರಿಕದ ಬಂದೂಕು ಕಾನೂನು: ಜನ ಬೀದಿಗಿಳಿದರೆ ಬದಲಾಗುತ್ತಾ?

ಪರ: ಬದಲಾಗುತ್ತೆ, ಹಿಡಿದ ಪಟ್ಟು ಬಿಡಬಾರದು ಅಷ್ಟೇ

ಡಲ್ಲಾಸ್, ಅಟ್ಲಾಂಟಾ ಕಡೆ ಬೆಳೆಯುತ್ತಿರುವ ಕನ್ನಡದ ಮಕ್ಕಳನ್ನು ‘ಲಾಕ್‌ಡೌನ್ ಡ್ರಿಲ್’ ಅಂದರೇನು ಅಂತ ಕೇಳಿ ನೋಡಿ. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಅಂತ ಲೈಟು ಆರಿಸಿ, ಬಾಗಿಲು ಹಾಕಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಪಿಟಕ್ಕೆನ್ನದೆ ಕೂರುವುದು. ನಮ್ಮ ಕಾಲದಲ್ಲಿ ಡ್ರಿಲ್ ಅಂದರೆ ಮೈದಾನದಲ್ಲಿ ಕೈಕಾಲು ಆಡಿಸುವುದಾಗಿತ್ತು!

ಬಂದೂಕಿಗೆ ಕಡಿವಾಣ ಬೇಕು ಅನ್ನುವವರು ಅಲ್ಲಿ ಬೇಕಾದಷ್ಟಿದ್ದಾರೆ. ಹಾಗಿದ್ದೂ ಸಿಗರೇಟಿನ ವಿರುದ್ಧ ಎದ್ದಂಥ ಚಳವಳಿ ಇದಕ್ಕೇಕೆ ಏಳಲಿಲ್ಲ? ಡ್ಯೂಕ್ ವಿಶ್ವವಿದ್ಯಾಲಯದ ರಾಜಕೀಯ ತಜ್ಞೆ ಕ್ರಿಸ್ಟಿನ್ ಗಾಸ್ ವರ್ಷಗಟ್ಟಲೆ ಬೆನ್ನುಹತ್ತಿದ ಪ್ರಶ್ನೆ ಇದು. ಅವರು ಕಂಡುಕೊಂಡಿದ್ದು ಇಷ್ಟು: ಮುಂದಾಳುಗಳು ವಾಷಿಂಗ್ಟನ್ನಿನಲ್ಲಿ ದೊಡ್ಡ ಕಾನೂನಿಗೇ ಕೈಹಾಕಿದರು. ಊರು, ರಾಜ್ಯ ಅಂತ ಸಣ್ಣ ಗೆಲುವುಗಳನ್ನು ಪೇರಿಸಲಿಲ್ಲ. ಹಣ ಕೊಡುವವರೂ ಕಡಿಮೆ. ‘ಅಪರಾಧ ತಡೆ’ ಅಂತ ಒಣಮಾತು ಆಡಿದರು, ‘ನಿಮ್ಮ ಮಗುವಿನ ಜೀವ’ ಅನ್ನಲಿಲ್ಲ.

ಅಂದ ಮೇಲೆ ದಾರಿ ಇದೆ ಅಂತಾಯ್ತು, ಅಲ್ವಾ? 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿಗೆ 17 ಮಂದಿ ಸತ್ತರು. ಉಳಿದ ಮಕ್ಕಳು ಬಸ್ಸು ಹತ್ತಿ ರಾಜ್ಯದ ರಾಜಧಾನಿಗೆ ಹೋಗಿ ಶಾಸಕರನ್ನು ಹಿಡಿದು ಕೇಳಿದರು. ಮಾರ್ಚ್ 9ಕ್ಕೆ, ಬಂದೂಕಿನ ಪರ ಅಂತ ಹೆಸರಾದ ರಿಪಬ್ಲಿಕನ್ ಪಕ್ಷದ ಗವರ್ನರೇ ಸಹಿ ಹಾಕಿದರು: 21 ತುಂಬದವರಿಗೆ ಬಂದೂಕು ಮಾರುವಂತಿಲ್ಲ. ಒಂದು ತಿಂಗಳೂ ಆಗಿರಲಿಲ್ಲ.

ವಿರೋಧ: ಬೀದಿಯ ಕೂಗು ಸೆನೆಟ್ಟಿನ ಬಾಗಿಲಿಗೇ ನಿಲ್ಲುತ್ತೆ

ಫ್ಲಾರಿಡಾ ಒಂದು ರಾಜ್ಯ. ದೇಶದ ಲೆಕ್ಕ ನೋಡೋಣ. 2000ದ ಮೇ 14, ಅಮ್ಮಂದಿರ ದಿನ. ಬಂದೂಕಿಗೆ ಕಡಿವಾಣ ಬೇಕು ಅಂತ ಲಕ್ಷಾಂತರ ತಾಯಂದಿರು ವಾಷಿಂಗ್ಟನ್ನಿನಲ್ಲಿ ಸೇರಿದರು. ನಾಲ್ಕೇ ವರ್ಷಕ್ಕೆ, 2004ರಲ್ಲಿ, ಸೈನ್ಯದ ಮಾದರಿಯ ಬಂದೂಕುಗಳ ಮೇಲಿದ್ದ ನಿಷೇಧದ ಅವಧಿ ಮುಗಿಯಿತು. ಯಾರೂ ಅದನ್ನು ಮುಂದುವರಿಸಲಿಲ್ಲ.

2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಗುಂಡಿಗೆ ಸತ್ತರು. ಇಡೀ ದೇಶ ಅತ್ತಿತು. ಮುಂದಿನ ಏಪ್ರಿಲ್‌ನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿಗೆ ಬಂದದ್ದು ತೀರಾ ಸಾಧಾರಣ ಪ್ರಸ್ತಾಪ: ಮೇಳಗಳಲ್ಲಿ, ಆನ್‌ಲೈನಿನಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ನೋಡಬೇಕು ಅಂತ. ಪರವಾಗಿ 54 ಮತ, ವಿರುದ್ಧ 46. ಸೆನೆಟ್ಟಿನ ನಿಯಮದಂತೆ ಬೇಕಿದ್ದದ್ದು 60. ಜಾಸ್ತಿ ಮತ ಬಂದ ಕಡೆಯೇ ಸೋತಿತು! ಮೇಲೆ ಗ್ಯಾಲರಿಯಲ್ಲಿ ಕೂತಿದ್ದ ಹೆಂಗಸರು ‘ನಾಚಿಕೆಯಾಗಬೇಕು ನಿಮಗೆ’ ಅಂತ ಕೂಗಿದರು. ಅವರನ್ನು ಹೊರಗೆ ಕರೆದೊಯ್ದರು.

ಇನ್ನೊಂದು ಮಾತು. ಬಂದೂಕು ಇಟ್ಟುಕೊಂಡವರೂ ಜನರೇ. ಅವರ ರೈಫಲ್ ಸಂಘಟನೆ 1871ರದು. ಕ್ಲಬ್ಬು, ತರಬೇತಿ, ಗುರಿಯ ಸ್ಪರ್ಧೆ ಅಂತ ವರ್ಷಪೂರ್ತಿ ಸೇರುತ್ತಾರೆ. ಮತದಾನದ ದಿನವೂ ಮರೆಯುವುದಿಲ್ಲ. ನಾಗರಿಕರು ಒಟ್ಟಾದರೆ ಗೆಲ್ಲುತ್ತಾರೆ ಅನ್ನುವುದು ನಿಜವಾದರೆ, ಅದನ್ನು ಮೊದಲು ತೋರಿಸಿದ್ದು ಇವರೇ.

ಇದರ ಮೇಲೆ ಕೋರ್ಟು. 2022ರ ಜೂನ್ 23ರ ರಾತ್ರಿ ಸೆನೆಟ್ ಕೊನೆಗೂ ಒಂದು ಸುರಕ್ಷತಾ ಮಸೂದೆ ಒಪ್ಪಿತು. ಆದರೆ ಅದೇ ದಿನ ಬೆಳಿಗ್ಗೆ ಸುಪ್ರೀಂ ಕೋರ್ಟು ಒಂಬತ್ತರಲ್ಲಿ ಆರು ನ್ಯಾಯಮೂರ್ತಿಗಳ ತೀರ್ಪಿನಿಂದ, ಮನೆಯಾಚೆ ಬಂದೂಕು ಒಯ್ಯುವುದಕ್ಕೆ ಕಡಿವಾಣ ಹಾಕಿದ್ದ, ನೂರು ವರ್ಷ ದಾಟಿದ್ದ ನ್ಯೂಯಾರ್ಕಿನ ಕಾನೂನನ್ನು ಹೊಡೆದುಹಾಕಿತ್ತು.