ಚಿನ್ನಕ್ಕೊಂದು ಲೆಕ್ಕ ಉಂಟು, ಫೋನಿಗೆ?
ಹೊಸ ಆದಾಯ ತೆರಿಗೆ ಕಾಯ್ದೆಯ 247ನೇ ಸೆಕ್ಷನ್ ಬಗ್ಗೆ ಬರ್ದದ್ದು ಓದಿದೆ, ರೈಡ್ ಟೈಮಲ್ಲಿ ಪಾಸ್‌ವರ್ಡ್ ಸಿಗದಿದ್ರೆ ತೆರಿಗೆ ಆಫೀಸರ್‌ಗಳೇ ಫೋನಿನ ಲಾಕ್ ದಾಟಿ ಇಮೇಲ್, ಸೋಶಿಯಲ್ ಮೀಡಿಯಾ ಎಲ್ಲ ನೋಡ್ಬಹುದು ಅಂತ, ಇದು ಸರಿಯಲ್ಲ ಮಾರಾಯ್ರೆ. ತೆರಿಗೆ ಕಳ್ಳರನ್ನು ಹಿಡೀಲಿ, ಬೇಡ ಅನ್ನುದಿಲ್ಲ. ಚಿನ್ನಕ್ಕಾದ್ರೆ ತೆರಿಗೆ ಇಲಾಖೆಯದ್ದೇ 1994ರ ಸೂಚನೆ ಉಂಟು, ಮದುವೆಯಾದ ಹೆಂಗಸಿನ 500 ಗ್ರಾಂ ವರೆಗಿನ ಒಡವೆ ಜಪ್ತಿ ಮಾಡ್ಲಿಕ್ಕಿಲ್ಲ, ಅಮ್ಮನ ಕರಿಮಣಿ ಬಳೆ ಎಲ್ಲ ಸೇರಿಸಿದ್ರೂ ಅಷ್ಟಾಗುದಿಲ್ಲ. ಫೋನಿಗೆ ಅಂಥ ಗೆರೆ ಎಲ್ಲುಂಟು? ಉಡುಪಿಯಲ್ಲಿ ನನ್ನದು ಸಣ್ಣ ಬಟ್ಟೆ ಅಂಗಡಿ, ಒಂದೇ ಫೋನಲ್ಲಿ ಜಿಎಸ್‌ಟಿ ಬಿಲ್ಲು, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ತಂಗಿ ಗಂಡನ ಮನೆ ಕಷ್ಟ ಹೇಳಿ ರಾತ್ರಿ ಕಳಿಸಿದ ವಾಯ್ಸ್ ಮೆಸೇಜು ಎಲ್ಲ ಉಂಟು, ಅದನ್ನು ಯಾರೋ ಆಫೀಸರ್ ಯಾಕೆ ಕೇಳ್ಬೇಕು? ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರ ಕೇಸಲ್ಲಿ 2017ರಲ್ಲೇ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಒಮ್ಮತದಲ್ಲಿ ಪ್ರೈವೆಸಿ ಮೂಲಭೂತ ಹಕ್ಕು ಅಂದಿದ್ದಾರಲ್ಲ. ಕೋರ್ಟಿನ ವಾರಂಟ್ ತಂದು ಬೇಕಾದ ಬಿಲ್ಲು ಮಾತ್ರ ನೋಡ್ಲಿ.