ಕೆರೆ ಏರಿಯ ಮೇಲೊಂದು ಸ್ಪೀಕರ್

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಬರುವ ಕೆಲವರು ಜೇಬಿನಲ್ಲಿ ಮೊಬೈಲ್ ಇಟ್ಟು, ಊರಿಗೆಲ್ಲ ಕೇಳುವಂತೆ ಹಾಡು ಹಾಕಿಕೊಂಡು ನಡೆಯುವ ಅಭ್ಯಾಸ ಈಗ ಸಹಿಸಲಾಗದ ಮಟ್ಟ ಮುಟ್ಟಿದೆ. ಸುಪ್ರಭಾತವೂ ಉಂಟು, ಸಿನಿಮಾ ಗೀತೆಯೂ ಉಂಟು. ಆದರೆ ನನಗೆ ಹೆಚ್ಚು ಮುಜುಗರವಾಗುವುದು ನಮ್ಮವರೇ, ಅಂದರೆ ಚರ್ಚಿಗೆ ಬರುವವರೇ, ಆರಾಧನಾ ಗೀತೆಗಳನ್ನು ಹಾಗೆ ಮೊಳಗಿಸುತ್ತ, ಸುವಾರ್ತೆ ಸಾರಿದವರಂತೆ ಎದೆಯುಬ್ಬಿಸಿ ಸಾಗುವಾಗ. ಹಕ್ಕಿಗಳು ಕೊಂಬೆಗಳ ನಡುವೆ ಹಾಡುತ್ತವೆ ಎಂದು ಭಾನುವಾರ ಬೈಬಲಿನ 104ನೆಯ ಕೀರ್ತನೆಯಲ್ಲಿ ಓದಿ, ಸೋಮವಾರ ಆ ಹಾಡನ್ನೇ ಅಡಗಿಸುವುದು ಯಾವ ಸೀಮೆಯ ಭಕ್ತಿಯೋ! ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯೊಂದು ಕಾಲು ಚಾಚಿ ನೀರಿಗಿಳಿಯುವಾಗ ಮೇಲ್ಮೈಯನ್ನು ಸೀಳುವ ಸದ್ದು ಕಿವಿಗೆ ಬೀಳಬೇಕಾದರೆ ಸುತ್ತ ಒಂದಿಷ್ಟಾದರೂ ಮೌನವಿರಬೇಕು. ಗಾಯನವೃಂದದಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ದನಿಗಳು ಕೂಡಿ ಎದುರಿಗೇ ಹಾಡಿದಾಗ ಮೈ ನವಿರೇಳಿಸುವ ಗೀತೆ, ಆ ಪುಟ್ಟ ಸ್ಪೀಕರಿನಲ್ಲಿ ಬಾಸಿನ ತಗ್ಗು ದನಿಯನ್ನು ಪೂರ್ತಿ ಕಳೆದುಕೊಂಡು ಬರೀ ಕೀರಲಾಗುತ್ತದೆ (ಹಾಡಿದವರು ಕೇಳಿದರೆ ಅತ್ತೇಬಿಟ್ಟಾರು). "ಸ್ವಲ್ಪ ಕಡಿಮೆ ಮಾಡಿ ಸಾರ್" ಎಂದರೆ, "ದೇವರ ಹಾಡು ಕಣಮ್ಮ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಯರ್‌ಫೋನ್ ಹಾಕಿಕೊಂಡರೆ ಅದು ದೇವರ ಹಾಡಾಗಿ ಉಳಿಯುವುದಿಲ್ಲವೇ ಎಂದು ಕೇಳುವಷ್ಟರಲ್ಲಿ ಅವರು ವಾಲ್ಯೂಮ್ ಇನ್ನೊಂದಿಷ್ಟು ಏರಿಸಿ ಮುಂದೆ ಹೋಗಿರುತ್ತಾರೆ.