ದೊಡ್ಡಪ್ಪ, ನೀರೆಲ್ಲಿ?

ಏಪ್ರಿಲ್ ಕೊನೆಯ ವಾರ. ನನ್ನ ಹೆಂಡತಿಯ ತಂಗಿ, ಷಡ್ಡಕ, ಅವರ ಇಬ್ಬರು ಮಕ್ಕಳು ಬೆಂಗಳೂರಿಂದ ಸಾಗರಕ್ಕೆ ಬಂದಿದ್ದರು. ಮಕ್ಕಳಿಗೆ ಬೇಸಿಗೆ ರಜೆ. ಬಂದ ಮರುದಿನವೇ ಜೋಗಕ್ಕೆ ಹೊರಟೆವು. ಮೂವತ್ತು ಕಿಲೋಮೀಟರ್ ದಾರಿ. ದಾರಿಯುದ್ದಕ್ಕೂ ಮಕ್ಕಳು ಫೋನಿನಲ್ಲಿ ಜೋಗದ ವಿಡಿಯೊ ನೋಡುತ್ತಿದ್ದರು. ಧುಮುಕುವ ನೀರು, ಮಂಜು, ಆ ಭೋರೆನ್ನುವ ಸದ್ದು. ಅಲ್ಲಿ ಹೋಗಿ ಕಂಬಿ ಹಿಡಿದು ನಿಂತರೆ ಎದುರಿಗೆ ಬರೀ ಕರಿ ಬಂಡೆ. ಬಂಡೆ ಮೇಲೆ ಬಿಳಿ ನೂಲಿನ ಹಾಗೆ ಒಂದೆರಡು ಕಡೆ ನೀರು. ಚಿಕ್ಕವಳು ನನ್ನ ಕೈ ಜಗ್ಗಿ ಕೇಳಿದಳು, "ದೊಡ್ಡಪ್ಪ, ನೀರೆಲ್ಲಿ?"

ನಾವು ಸಾಗರದವರು ಈ ಪ್ರಶ್ನೆಗೆ ಒಂದು ಉತ್ತರ ಇಟ್ಟುಕೊಂಡಿದ್ದೇವೆ. "ಮಳೆಗಾಲದಲ್ಲಿ ಬರಬೇಕಿತ್ತು ಪುಟ್ಟಾ." ನಾನೂ ಅದನ್ನೇ ಹೇಳಿದೆ. ಏನೋ ತಪ್ಪು ಮಾಡಿದವನ ಹಾಗೆ ಹೇಳಿದೆ. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಮಲಗಿದಾಗ ಆ ಪ್ರಶ್ನೆ ಬಿಡಲಿಲ್ಲ. ಮಗು ಕೇಳಿದ್ದು ನೀರು ಯಾವಾಗ ಬರುತ್ತದೆ ಅಂತ ಅಲ್ಲ. ನೀರೆಲ್ಲಿ ಅಂತ. ಅದಕ್ಕೆ ಸರಿಯಾದ ಉತ್ತರ ನನಗೆ ಗೊತ್ತಿತ್ತು. ನನ್ನ ಮನೆಯಲ್ಲೇ ಇತ್ತು. ಆದರೂ ಹೇಳಿರಲಿಲ್ಲ.

ನೀರು ಎಲ್ಲಿಗೂ ಹೋಗಿಲ್ಲ. ಜೋಗದಿಂದ ಆರೇ ಕಿಲೋಮೀಟರ್ ಮೇಲೆ, ಲಿಂಗನಮಕ್ಕಿಯಲ್ಲಿ ನಿಂತಿದೆ. 1964ರಲ್ಲಿ ಮುಗಿದ ಅಣೆಕಟ್ಟು. ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ನೂರೈವತ್ತು ಟಿಎಂಸಿಗೂ ಜಾಸ್ತಿ ನೀರು ಹಿಡಿಯುತ್ತದೆ. ಅಲ್ಲಿಂದ ನೀರು ಜೋಗದ ಗುಂಡಿಗೆ ಬೀಳುವುದಿಲ್ಲ. ಕಾಲುವೆಯಲ್ಲಿ ತಳಕಳಲೆಗೆ ಹೋಗುತ್ತದೆ. ಅಲ್ಲಿಂದ ದಪ್ಪ ದಪ್ಪ ಪೈಪುಗಳಲ್ಲಿ ಬೆಟ್ಟ ಇಳಿದು ಶರಾವತಿ ವಿದ್ಯುತ್ ಕೇಂದ್ರ ಸೇರುತ್ತದೆ. ಅಲ್ಲಿ ಹತ್ತು ಯಂತ್ರ, ಒಟ್ಟು 1,035 ಮೆಗಾವ್ಯಾಟ್. ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಾಗಿ 253 ಮೀಟರ್ ಬೀಳಬೇಕಿದ್ದ ನದಿ ಈಗ ಪೈಪಿನೊಳಗೆ ಬೀಳುತ್ತಿದೆ. ಮಳೆಗಾಲದಲ್ಲಿ ಜೋಗ ಕಾಣುವುದು ಅಣೆಕಟ್ಟಿನ ಕೆಳಗೆ ಸುರಿದ ಮಳೆಯಿಂದ. ವಿಡಿಯೊದಲ್ಲಿ ನೋಡುವ ಆ ರೌದ್ರ ಬರಬೇಕಾದರೆ ಡ್ಯಾಂ ತುಂಬಿ ಗೇಟು ತೆಗೆಯಬೇಕು. ಅದು ಪ್ರತಿ ವರ್ಷ ಆಗುವುದಿಲ್ಲ.

ಮಗುವಿಗೆ ನಾನು ಹೇಳಬೇಕಿದ್ದ ಉತ್ತರ ಇದು. ನಿನ್ನ ಮನೆಯ ದೀಪದಲ್ಲಿ ಇದೆ ಪುಟ್ಟಾ ಆ ನೀರು.

ಅರ್ಧ ಉತ್ತರ ಅಷ್ಟೇ ಇದು. ಇನ್ನರ್ಧ ನನ್ನ ಅಮ್ಮನ ಹತ್ತಿರ ಇದೆ.

ಅಮ್ಮ ಹುಟ್ಟಿದ ಊರು ಈಗ ಹಿನ್ನೀರಿನ ಅಡಿಯಲ್ಲಿದೆ. ಊರು ಬಿಟ್ಟಾಗ ಅವಳಿಗೆ ಎಂಟು ವರ್ಷ. ಅಜ್ಜ ಮನೆಯ ಬಾಗಿಲು, ತೊಲೆ, ಹಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದ್ದರಂತೆ. ತೋಟದಲ್ಲಿ ಆ ವರ್ಷದ ಅಡಿಕೆ ಇನ್ನೂ ಮರದಲ್ಲೇ ಇತ್ತು. ಅಜ್ಜಿ ಭೂತಪ್ಪನ ಕಲ್ಲಿಗೆ ಕೊನೆಯ ಬಾರಿ ದೀಪ ಹಚ್ಚಿ ಬಂದಿದ್ದಳು. ಕಲ್ಲನ್ನು ತರಲು ಮನಸ್ಸಾಗಲಿಲ್ಲ, ಆ ಜಾಗ ಬಿಟ್ಟು ಅದು ಬರುವುದಿಲ್ಲ ಅಂದಳಂತೆ. ಸಾವಿರಾರು ಸಂಸಾರಗಳು ಹೀಗೇ ಎದ್ದು ಬಂದವು. ಶಿವಮೊಗ್ಗದ ಸುತ್ತಮುತ್ತ, ಕಾಡಿನ ಅಂಚಿನಲ್ಲಿ, ಸಿಕ್ಕಿದ ಕಡೆ ಬದುಕು ಕಟ್ಟಿದರು. ಅರವತ್ತು ವರ್ಷ ಕಳೆಯಿತು. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ, ಅಂದರೆ ಕೆಳಗಿನ ನೀರನ್ನು ಮತ್ತೆ ಮೇಲೆತ್ತಿ ಬಿಟ್ಟು ವಿದ್ಯುತ್ ಮಾಡುವ ಯೋಜನೆಯ ಮಾತು ನಡೆಯುತ್ತಿದೆ. ಅದನ್ನು ಕೇಳಿದಾಗಲೆಲ್ಲ ಅಮ್ಮ ಸುಮ್ಮನಾಗುತ್ತಾಳೆ.

ಹಾಗಾಗಿ ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮುಂದೆ ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಜೋಗ ಮೊದಲು ತೋರಿಸುವುದಿಲ್ಲ. ಮೊದಲು ಹಿನ್ನೀರು. ಆಮೇಲೆ ಜೋಗ. ಈ ಕ್ರಮ ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಸಾಗರ, ಸಿದ್ದಾಪುರ, ಹೊಸನಗರ ಕಡೆಯ ಗೆಳೆಯರಿಗೂ ಇದನ್ನೇ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಮಕ್ಕಳನ್ನೂ ಅಮ್ಮನನ್ನೂ ಕೂರಿಸಿಕೊಂಡು ಅಂಬಾರಗೋಡ್ಲು ದಡಕ್ಕೆ ಹೋದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಡದ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ನೀರಿನ ಮಧ್ಯೆ ಸತ್ತ ಮರಗಳ ಬೊಡ್ಡೆಗಳು ಎದ್ದು ನಿಲ್ಲುತ್ತವೆ. ಅರವತ್ತು ವರ್ಷದಿಂದ ನೀರಿನಲ್ಲಿ ನಿಂತ ಮರಗಳು. ಅಮ್ಮ ಕೈ ತೋರಿಸಿ, "ಆ ಗುಡ್ಡದ ಆಚೆ ನಮ್ಮ ಮನೆ. ಮನೆ ಹಿಂದೆ ದೊಡ್ಡ ಹುಣಸೆಮರ ಇತ್ತು. ಅದರ ಕೆಳಗೆ ನಾವು ಕುಂಟಾಬಿಲ್ಲೆ ಆಡ್ತಿದ್ವಿ" ಅಂದಳು. ಹಿಂದಿನ ದಿನ ನೀರೆಲ್ಲಿ ಅಂತ ಕೇಳಿದ್ದ ಮಗು ಈಗ ಬೇರೆ ಪ್ರಶ್ನೆ ಕೇಳಿತು. "ಅಜ್ಜಿ, ಹುಣಸೆಮರ ಈಗ್ಲೂ ಇದೆಯಾ ಒಳಗೆ?" ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ದಡದ ಮಣ್ಣಿನಲ್ಲೇ ಮನೆಯ ನಕ್ಷೆ ಬರೆದರು. ಜಗುಲಿ, ನಡುಮನೆ, ಕೊಟ್ಟಿಗೆ, ಅಂಗಳ. ಒಂದು ತಾಸು ಹೋಗಿದ್ದೇ ಗೊತ್ತಾಗಲಿಲ್ಲ.

ಹಿನ್ನೀರು ತೀರಾ ತಳ ಕಂಡ ವರ್ಷ ಇನ್ನೊಂದು ಅಚ್ಚರಿ ನೀರಿಂದ ಮೇಲೆ ಬರುತ್ತದೆ. ಹಿರೇಭಾಸ್ಕರ ಅಣೆಕಟ್ಟು. ನಾವು ಮಡೆನೂರು ಡ್ಯಾಂ ಅನ್ನುತ್ತೇವೆ. ಲಿಂಗನಮಕ್ಕಿಗೆ ಮೊದಲು ಶರಾವತಿಯನ್ನು ತಡೆದಿದ್ದು ಅದೇ. 1948ರಲ್ಲಿ ಶುರುವಾದ, ಈಗ ಮಹಾತ್ಮ ಗಾಂಧಿ ಹೆಸರಿರುವ ವಿದ್ಯುತ್ ಕೇಂದ್ರಕ್ಕೆ ನೀರು ಕೊಟ್ಟಿದ್ದೂ ಅದೇ. ಗೇಟಿಲ್ಲದೆ ಸೈಫನ್ ಮೂಲಕ ಹೆಚ್ಚುವರಿ ನೀರು ಹೊರಗೆ ಹೋಗುವ ಹಾಗೆ ಕಟ್ಟಿದ್ದರು. ಹದಿನಾರು ವರ್ಷಕ್ಕೆ ಅದೂ ದೊಡ್ಡ ಡ್ಯಾಂನ ನೀರಿನಲ್ಲಿ ಮುಳುಗಿತು. ಇಷ್ಟು ವರ್ಷ ನೀರೊಳಗೆ ಇದ್ದರೂ ಕಟ್ಟಡ ನಿಂತಿದೆ. ಅದು ಪೂರ್ತಿ ಕಂಡ ವರ್ಷ ನಮಗೆ ಖುಷಿ ಆಗುವುದಿಲ್ಲ, ಭಯ ಆಗುತ್ತದೆ. ಮಳೆ ಕೈಕೊಟ್ಟಿದೆ ಅಂತ ಅರ್ಥ.

ಅಂಬಾರಗೋಡ್ಲಿಗೆ ಹೋದವರೆಲ್ಲ ಈಗ ಸೇತುವೆ ನೋಡುತ್ತಾರೆ. 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ಕಳಸವಳ್ಳಿ ದಡದವರೆಗೆ 2.44 ಕಿಲೋಮೀಟರ್ ಉದ್ದ. ಆಚೆ ದಡದ ಸಿಗಂದೂರು ದೇವಸ್ಥಾನಕ್ಕೆ ಮೊದಲು ಲಾಂಚ್‌ನಲ್ಲಿ ದಾಟಬೇಕಿತ್ತು, ಈಗ ಕಾರಿನಲ್ಲೇ ಹೋಗಬಹುದು. ಇಲ್ಲಿ ಒಂದು ಮಾತು ಹೇಳಲೇಬೇಕು. ಬಂದ ನೆಂಟರಲ್ಲಿ ಹಲವರು, "ಛೆ, ಲಾಂಚೇ ಚೆನ್ನಾಗಿತ್ತು ಭಾವ, ಆ ಮಜಾ ಹೋಯ್ತು" ಅನ್ನುತ್ತಾರೆ. ಅವರಿಗೆ ಲಾಂಚ್ ಅಂದರೆ ಅರ್ಧ ಗಂಟೆಯ ದೋಣಿ ಸವಾರಿ. ತುಮರಿ, ಕರೂರು, ಬಾರಂಗಿ ಕಡೆಯವರಿಗೆ ಅದು ಬದುಕಾಗಿತ್ತು. ಸಂಜೆ ಲಾಂಚ್ ನಿಂತಿತು ಅಂದರೆ ಊರೇ ದ್ವೀಪ ಆಗುತ್ತಿತ್ತು. ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ನೋವು ಬಂದರೆ ಕಾಡಿನಲ್ಲಿ ಸುತ್ತುಹಾಕಿ ಬರಬೇಕಿತ್ತು, ಇಲ್ಲ ಬೆಳಗಾಗಲಿ ಅಂತ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ನಾಡಿಗೆ ಬೆಳಕು ಕೊಡಲು ಊರು ಮುಳುಗಿಸಿಕೊಂಡವರು ಒಂದು ಸೇತುವೆಗೆ ಅರವತ್ತು ವರ್ಷ ಕಾದರು. ನಾನು ನೆಂಟರನ್ನು ಆ ಸೇತುವೆ ಮೇಲೆ ಕರೆದುಕೊಂಡು ಹೋಗುತ್ತೇನೆ. ಫೋಟೊ ತೆಗೆಯುವ ಮೊದಲು ಇಷ್ಟನ್ನು ಹೇಳುತ್ತೇನೆ. ಹೇಳಿದ ಮೇಲೆ ಲಾಂಚ್ ಚೆನ್ನಾಗಿತ್ತು ಅಂತ ಯಾರೂ ಅಂದಿಲ್ಲ.

ಇನ್ನು ಇಕ್ಕೇರಿ. ಸಾಗರದಿಂದ ಐದಾರು ಕಿಲೋಮೀಟರ್. ಎಲ್ಲರೂ ಹತ್ತು ನಿಮಿಷ ಕೊಡುವ ಜಾಗ. ನಾನು ಅರ್ಧ ದಿನ ಕೊಡಿ ಅನ್ನುತ್ತೇನೆ. ಕೆಳದಿ ನಾಯಕರು ಮೊದಲು ಕೆಳದಿಯಲ್ಲಿ, ಆಮೇಲೆ ಇಕ್ಕೇರಿಯಲ್ಲಿ, ಕೊನೆಗೆ ಬಿದನೂರಿನಲ್ಲಿ ರಾಜಧಾನಿ ಮಾಡಿಕೊಂಡರು. 1763ರಲ್ಲಿ ಹೈದರಾಲಿ ಬಿದನೂರು ಗೆಲ್ಲುವವರೆಗೆ ಈ ನಾಡು ಅವರದು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ ರಾಣಿ ಚೆನ್ನಮ್ಮ ಈ ಮನೆತನದವಳು. ಇಷ್ಟನ್ನು ಪಾಠದಲ್ಲಿ ಓದಿರುತ್ತಾರೆ. ನಾನು ತೋರಿಸುವುದು ಬೇರೆ. ಅಘೋರೇಶ್ವರ ದೇವಸ್ಥಾನದ ಒಳಗೆ ಕರೆದುಕೊಂಡು ಹೋಗಿ ಎರಡು ಕಂಬಗಳ ನಡುವೆ ನಿಲ್ಲಿಸುತ್ತೇನೆ. ಈ ಕಂಬದಿಂದ ಆ ಕಂಬದ ಅಂತರವೇ ಹಿಂದೆ ತೋಟದ ಜಮೀನಿಗೆ ಅಳತೆಗೋಲು. ಇಂಗ್ಲಿಷ್ ಲೆಕ್ಕದಲ್ಲಿ 18 ಅಡಿ 6 ಅಂಗುಲ. ಅಳತೆಯಲ್ಲಿ ಜಗಳ ಬಂದರೆ ದೇವಸ್ಥಾನವೇ ಸಾಕ್ಷಿ. ಯಾರೂ ಕಲ್ಲಿನ ಕಂಬ ಸರಿಸಲು ಆಗುವುದಿಲ್ಲ ಅಲ್ವಾ? ಅಡಿಕೆ ಬೆಳೆಯುವವನಾಗಿ ನನಗೆ ಅಲ್ಲಿ ನಿಂತಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಗರ್ಭಗುಡಿಯ ಎದುರು ನೆಲದ ಮೇಲೆ ಮೂವರು ನಾಯಕರು ಅಡ್ಡಬಿದ್ದ ಕೆತ್ತನೆ ಇದೆ. ರಾಜರು ಜನ ನಡೆದಾಡುವ ನೆಲದಲ್ಲಿ ಮಲಗಿದ್ದಾರೆ.

ಇಕ್ಕೇರಿ ಮುಗಿಸಿ ಕಾಗೋಡಿಗೆ ಹೋಗಬೇಕು. ಅಲ್ಲಿ ನೋಡಲು ಕಟ್ಟಡ, ಜಲಪಾತ ಏನಿಲ್ಲ. ಗದ್ದೆ ಇದೆ. ಗದ್ದೆಯ ಬದುವಿನ ಮೇಲೆ ನಿಂತು ಕಥೆ ಹೇಳಬೇಕು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತು, ಅಳತೆ ನ್ಯಾಯವಾಗಿಲ್ಲ ಅಂತ ಗೇಣಿದಾರರು ಕೇಳಿದರು. ಅಲ್ಲಿಂದ ಹೊತ್ತಿದ್ದು 1951ರ ಕಾಗೋಡು ಸತ್ಯಾಗ್ರಹ. ದೀವರ ಸಮುದಾಯದ ರೈತರು ಜೈಲು ತುಂಬಿದರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಉಳುವವನೇ ಹೊಲದೊಡೆಯ ಅನ್ನುವ ಮಾತು ಕರ್ನಾಟಕದಲ್ಲಿ ಕಾನೂನಾಗುವ ದಾರಿ ಈ ಗದ್ದೆಯಿಂದಲೂ ಹೊರಟಿತು. ಒಂದು ಕಡೆ ಕಲ್ಲಿನ ಕಂಬದ ಅಳತೆ, ಇನ್ನೊಂದು ಕಡೆ ಮರದ ಕೊಳಗದ ಅಳತೆ. ಎರಡನ್ನೂ ಒಂದೇ ದಿನ ನೋಡಿದರೆ ನಮ್ಮ ಊರು ಅರ್ಥ ಆಗಲು ಶುರುವಾಗುತ್ತದೆ. ಷಡ್ಡಕ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಬದುವಿನ ಮೇಲೆ ಕೂತು, "ಇದು ನಮಗೆ ಯಾರೂ ಹೇಳಿರಲಿಲ್ಲವಲ್ಲ" ಅಂದರು.

ಹೆಗ್ಗೋಡು, ನೀನಾಸಂ ಬಗ್ಗೆ ಬಹಳ ಜನ ಬರೆದಿದ್ದಾರೆ. ನಾಟಕ ಇರುವ ದಿನ ಹೋಗಿ, ಅಷ್ಟೇ ಹೇಳುತ್ತೇನೆ. ಖಾಲಿ ರಂಗಮಂದಿರದ ಎದುರು ಫೋಟೊ ತೆಗೆದು ಬಂದರೆ ಏನೂ ನೋಡಿದ ಹಾಗಲ್ಲ.

ಅದಕ್ಕಿಂತ ಹಸೆ ಚಿತ್ತಾರ ಬರೆಯುವ ಒಂದು ಮನೆಗೆ ಕರೆದುಕೊಂಡು ಹೋಗಿ. ದೀವರ ಮನೆಗಳಲ್ಲಿ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಎಳೆ ಎಳೆಯಾಗಿ ಬರೆಯುತ್ತಾರೆ. ಹುರಿದು ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಂದ ಹಳದಿ. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆಗೆ ಇದೇ ಚಿತ್ತಾರ ಬುಟ್ಟಿಯ ಮೇಲೆ ಮೂಡುತ್ತದೆ. ಬಸುರಿ ಭೂಮಿತಾಯಿಗೆ ಬಯಕೆ ಊಟ ಹೊತ್ತು ಗದ್ದೆಗೆ ಹೋಗುವ ಬುಟ್ಟಿ ಅದು. ನಮ್ಮ ಪಕ್ಕದ ಮನೆಯ ಅಕ್ಕ ಆ ಮಕ್ಕಳ ಕೈಗೆ ನಾರು ಕೊಟ್ಟು ಒಂದು ಗೆರೆ ಎಳೆಸಿದರು. ಕೈ ನಡುಗಿತು, ಗೆರೆ ಓರೆ ಆಯಿತು. "ಇರಲಿ ಬಿಡಿ ಮಗಾ, ಒರೆಸೋದು ಬೇಡ" ಅಂದರು. ಆ ಓರೆ ಗೆರೆ ಇವತ್ತಿಗೂ ಅವರ ಜಗುಲಿ ಗೋಡೆಯಲ್ಲಿದೆ.

ನೆಂಟರನ್ನು ಒಂದೇ ದಿನ ಆರು ಜಾಗಕ್ಕೆ ಓಡಿಸುವುದನ್ನು ದಯವಿಟ್ಟು ಬಿಡೋಣ. ಬೆಳಿಗ್ಗೆ ಸಿಗಂದೂರು, ಮಧ್ಯಾಹ್ನ ಜೋಗ, ಸಂಜೆ ಕೆಳದಿ, ಮಧ್ಯೆ ಎಲ್ಲೋ ಗೋಬಿ ಮಂಚೂರಿ. ರಾತ್ರಿ ಕೇಳಿದರೆ ಯಾವುದು ಎಲ್ಲಿತ್ತು ಅಂತಲೂ ನೆನಪಿರುವುದಿಲ್ಲ. ದಿನಕ್ಕೆ ಎರಡು ಜಾಗ ಸಾಕು. ಮಧ್ಯಾಹ್ನ ಮನೆಯ ಊಟ. ತೆಳ್ಳವು, ಜೋನಿಬೆಲ್ಲ, ಅಪ್ಪೆಹುಳಿ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತೆರೆದರೆ ಬರುವ ಆ ಪರಿಮಳವೂ ನಮ್ಮ ಊರಿನ ನೋಟವೇ. ಊಟ ಆದ ಮೇಲೆ ತೋಟಕ್ಕೆ ಇಳಿಸಿ. ಚಳಿಗಾಲದಲ್ಲಿ ಬಂದರೆ ಅಡಿಕೆ ಸುಲಿಯುವ ರಾತ್ರಿಗಳು, ಬೇಯುವ ಹಂಡೆ, ಚೊಗರಿನ ವಾಸನೆ. ಅದನ್ನು ಯಾವ ಟೂರಿಸ್ಟ್ ಪಟ್ಟಿಯೂ ಹೇಳುವುದಿಲ್ಲ.

ಹಿನ್ನೀರು ನೋಡಿ ಬಂದ ಎರಡು ದಿನಕ್ಕೆ ಆ ಮಕ್ಕಳನ್ನು ಮತ್ತೆ ಜೋಗಕ್ಕೆ ಕರೆದುಕೊಂಡು ಹೋದೆ. ಅವರೇ ಕೇಳಿದ್ದು. ಅದೇ ಕರಿ ಬಂಡೆ, ಅದೇ ಎರಡು ನೂಲು. ಈ ಸಲ ಚಿಕ್ಕವಳು ಬಂಡೆಯನ್ನೇ ಬಹಳ ಹೊತ್ತು ನೋಡಿದಳು. ನೀರು ಸಾವಿರಾರು ವರ್ಷ ಬಿದ್ದು ಕೊರೆದ ಗುರುತುಗಳು ಬೇಸಿಗೆಯಲ್ಲಿ ಮಾತ್ರ ಅಷ್ಟು ಸ್ಪಷ್ಟವಾಗಿ ಕಾಣುತ್ತವೆ. ಯಾವುದು ರಾಜ, ಯಾವುದು ರಾಣಿ ಅಂತ ಬಂಡೆಯ ಗುರುತಿನಲ್ಲೇ ತೋರಿಸಿದೆ. ಅವಳೇ ಅಕ್ಕನಿಗೆ ವಿವರಿಸಿದಳು. ನಾನು ಪಕ್ಕದಲ್ಲಿ ನಿಂತು ಕೇಳಿದೆ.

ಈ ಮಳೆಗಾಲ ಬರುವವರು ಮೊದಲೇ ಫೋನ್ ಮಾಡಿ. ನಮ್ಮ ಕಡೆ ಜೂನ್ ಆದ ಮೇಲೆ ಪೇಪರ್ ಬಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಲಿಂಗನಮಕ್ಕಿಯ ನೀರಿನ ಮಟ್ಟ. ನೋಡಿ ಹೇಳುತ್ತೇನೆ. ಛತ್ರಿ ತನ್ನಿ, ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ನಮ್ಮ ಮನೆಯಲ್ಲೇ ಇದೆ. ಶನಿವಾರ, ಭಾನುವಾರ ಬೇಡ, ನಡುವಾರ ಬನ್ನಿ. ಅಮ್ಮನಿಗೆ ಈಗ ಕಾಲು ನೋವು ಜಾಸ್ತಿ, ದಡಕ್ಕೆ ಇಳಿಯಲು ಆಗುವುದಿಲ್ಲ. ಆದರೂ ನೆಂಟರು ಬರುತ್ತಾರೆ ಅಂದರೆ ಸೀರೆ ಉಟ್ಟು ರೆಡಿಯಾಗಿ ಕೂತಿರುತ್ತಾಳೆ, ಕಾರಿನ ಮುಂದಿನ ಸೀಟು ಅವಳದು.